ಅರ್ಗೋಮೀಟರ್ ಮೇಲೆ ಏಳು ಹಂತ: ರೋಯರ್‌ನ ಕಾಲು, ಬೆನ್ನು, ರಕ್ತ

ಅರ್ಗೋಮೀಟರ್ ಎಂದರೆ ನೆಲದ ಮೇಲೆಯೇ ಹುಟ್ಟು ಹಾಕುವ ಯಂತ್ರ. ಅದರ ಮೇಲೆ ರೋಯರನ್ನು, ಅಂದರೆ ರೇಸಿನ ದೋಣಿಗೆ ಹುಟ್ಟು ಹಾಕುವವರನ್ನು, ಹಂತಹಂತವಾಗಿ ಹೆಚ್ಚು ಶಕ್ತಿಯಿಂದ ಎಳೆಸಿ, ರಕ್ತದ ಲ್ಯಾಕ್ಟೇಟನ್ನೂ (ಸ್ನಾಯು ಬಿರುಸಾಗಿ ದುಡಿದಾಗ ಸಕ್ಕರೆಯಿಂದ ಹುಟ್ಟುವ ವಸ್ತು) ಮೈಯ ಭಂಗಿಯನ್ನೂ ನೋಡುವುದೇ ಈ ಪರೀಕ್ಷೆ. ಆ ದಿನ ಬೆಳಿಗ್ಗೆ ಮೊದಲ ಕೆಲಸ ಯಂತ್ರದ ಫ್ಲೈವೀಲ್ (ಎಳೆದಾಗ ತಿರುಗುವ ಗಾಳಿಚಕ್ರ) ಪಂಜರದ ಧೂಳು ತೆಗೆಯುವುದು. ಜಾಲರಿಗೆ ಧೂಳು, ಬಟ್ಟೆಯ ನೂಲು ಕಟ್ಟಿಕೊಂಡರೆ ಒಳಗೆ ಹೋಗುವ ಗಾಳಿ ಕಡಿಮೆಯಾಗಿ ಚಕ್ರ ಹಗುರವಾಗಿ ತಿರುಗುತ್ತದೆ. ಆಮೇಲೆ ಚೈನು ಒರೆಸಿ ಎಣ್ಣೆ ಸವರುತ್ತೇವೆ. ಸೀಟು ಓಡುವ ಹಳಿಯ ಮೇಲೆ ಕೂತಿರುವ ಕಪ್ಪು ಜಿಡ್ಡನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತೇವೆ. ಹಳಿ ಒರಟಾಗಿದ್ದರೆ ಸೀಟು ತಡೆದು ತಡೆದು ಓಡುತ್ತದೆ. ಆಗ ರೋಯರ್ ತನಗೇ ಗೊತ್ತಿಲ್ಲದೆ ಮೀನಖಂಡ ಬಿಗಿದು ಎಳೆದುಕೊಳ್ಳುತ್ತಾರೆ. ಅಲ್ಲಿಂದಲೇ ಅಳತೆ ಕೆಡಲು ಶುರು.

ಇಷ್ಟಾದ ಮೇಲೆ ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಚಕ್ರಕ್ಕೆ ಗಾಳಿ ಒಡ್ಡುವ ತಡೆಯ ಅಳತೆ. ಪಕ್ಕದ ಡ್ಯಾಂಪರ್ (ಒಳಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಸನ್ನೆ) ಮೇಲೆ 1ರಿಂದ 10ರವರೆಗೆ ಅಂಕೆಗಳಿರುತ್ತವೆ. ಜಿಮ್ಮಿಗೆ ಬಂದವರು ಅದನ್ನು ನೇರ 10ಕ್ಕೆ ಏರಿಸಿಬಿಡುತ್ತಾರೆ. ಆ ಅಂಕೆ ಸೈಕಲ್ಲಿನ ಗೇರ್ ಇದ್ದ ಹಾಗೆ, ಶ್ರಮದ ಅಳತೆ ಅದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಡ್ಯಾಂಪರ್ 4ಕ್ಕೆ ಸಿಗುವ ಭಾರ ಇಲ್ಲಿ 4ಕ್ಕೆ ಸಿಗುವುದಿಲ್ಲ. ಕೋಣೆ ಬಿಸಿಯಾದಂತೆ ಇನ್ನೂ ತುಸು ಇಳಿಯುತ್ತದೆ. ಆದ್ದರಿಂದ ಮಾನಿಟರಿನಲ್ಲಿ ಡ್ರ್ಯಾಗ್ ಫ್ಯಾಕ್ಟರ್ ಪರದೆ ತೆರೆದು, ಹತ್ತು ಹದಿನೈದು ಸಲ ಸಮನಾಗಿ ಎಳೆದು, ಬೇಕಾದ ಸಂಖ್ಯೆ ಬರುವವರೆಗೆ ಡ್ಯಾಂಪರನ್ನು ಒಂದಿಷ್ಟೇ ಸರಿಸುತ್ತೇವೆ. ಹಗುರ ತೂಕದ ಮಹಿಳೆಯರಿಗೆ 100ರ ಆಸುಪಾಸು, ಭಾರ ತೂಕದ ಪುರುಷರಿಗೆ 130ರ ಆಸುಪಾಸು ಇಟ್ಟುಕೊಳ್ಳುವುದು ವಾಡಿಕೆ. ಯಾವ ಸಂಖ್ಯೆ ಇಟ್ಟರೂ ಹಾಳೆಯಲ್ಲಿ ಬರೆಯಬೇಕು, ಮುಂದಿನ ಸಲವೂ ಅದನ್ನೇ ಇಡಬೇಕು.

ಡ್ರ್ಯಾಗ್ ಎಷ್ಟೇ ಇರಲಿ, ಮಾನಿಟರ್ ತೋರಿಸುವ ವ್ಯಾಟ್ ಸರಿಯಾಗಿಯೇ ಇರುತ್ತದೆ. ರಿಕವರಿಯ ಹೊತ್ತಿಗೆ, ಅಂದರೆ ಎಳೆದಾದ ಮೇಲೆ ಸೀಟು ಮತ್ತೆ ಮುಂದಕ್ಕೆ ಬರುವಾಗ, ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂಬುದನ್ನು ಅಳೆದು ಅದು ಪ್ರತಿ ಸ್ಟ್ರೋಕಿಗೂ (ಒಂದು ಎಳೆತ, ಒಂದು ರಿಕವರಿ ಸೇರಿ ಒಂದು ಸ್ಟ್ರೋಕ್) ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಬದಲಾಗುವುದು ರೋಯರ್‌ನ ಮೈಗೆ ತಗಲುವ ವೇಗ. ಡ್ರ್ಯಾಗ್ ಹೆಚ್ಚಿದರೆ ಸ್ನಾಯು ನಿಧಾನವಾಗಿ, ಹೆಚ್ಚು ಬಲದಿಂದ ಕುಗ್ಗಬೇಕು. ಕಡಿಮೆಯಾದರೆ ಬೇಗ, ಕಡಿಮೆ ಬಲದಿಂದ. ಬಲ ಮತ್ತು ಕುಗ್ಗುವ ವೇಗ ಒಂದಕ್ಕೊಂದು ಎದುರುಬದುರು ಎಂದು ಶರೀರವಿಜ್ಞಾನಿ ಎ.ವಿ. ಹಿಲ್ 1938ರಲ್ಲಿ ತೋರಿಸಿಕೊಟ್ಟರು. ಸ್ನಾಯು ಅತಿ ಹೆಚ್ಚು ಶಕ್ತಿ ಕೊಡುವುದು ಅದರ ಗರಿಷ್ಠ ವೇಗದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ. ಡ್ಯಾಂಪರನ್ನು 10ಕ್ಕೆ ಏರಿಸಿದವರ ಕಾಲು ಈ ಜಾಗ ಬಿಟ್ಟು ಬಹಳ ಕೆಳಗೆ ಕೆಲಸ ಮಾಡುತ್ತಿರುತ್ತದೆ, ಕೊರತೆಯನ್ನು ಸೊಂಟ ತುಂಬಿಕೊಡುತ್ತಿರುತ್ತದೆ.

ಲೆಕ್ಕಕ್ಕೆ ಒಬ್ಬ ರೋಯರನ್ನು ಇಟ್ಟುಕೊಳ್ಳೋಣ: 72 ಕೆ.ಜಿ., 2000 ಮೀಟರಿಗೆ 6 ನಿಮಿಷ 40 ಸೆಕೆಂಡ್. ಅಂದರೆ ಪ್ರತಿ 500 ಮೀಟರಿಗೆ 1:40. ಕಾನ್ಸೆಪ್ಟ್ 2 ಕಂಪನಿಯ ಅರ್ಗೋಮೀಟರಿನ ಸೂತ್ರ ಸರಳ: ಒಂದು ಮೀಟರಿಗೆ ಹಿಡಿಯುವ ಸೆಕೆಂಡುಗಳ ಘನದಿಂದ 2.80ನ್ನು ಭಾಗಿಸಿದರೆ ವ್ಯಾಟ್. 1:40 ಎಂದರೆ ಮೀಟರಿಗೆ 0.2 ಸೆಕೆಂಡ್, ಅದರ ಘನ 0.008, ಉತ್ತರ 350 ವ್ಯಾಟ್. ಘನ ಇರುವುದರಿಂದ ವೇಗವನ್ನು ನೂರಕ್ಕೆ ಒಂದು ಪಾಲು ಏರಿಸಲು ಶಕ್ತಿಯನ್ನು ನೂರಕ್ಕೆ ಮೂರು ಪಾಲು ಏರಿಸಬೇಕು. ನೀರಿನ ಮೇಲೂ ಹೆಚ್ಚುಕಡಿಮೆ ಇದೇ ಲೆಕ್ಕ. ರೇಸಿನಲ್ಲಿ ಕೊನೆಯ ಎರಡು ಸೆಕೆಂಡ್ ಇಳಿಸುವುದಕ್ಕೆ ವರ್ಷ ಹಿಡಿಯುವುದೂ ಇದರಿಂದಲೇ.

ಪರೀಕ್ಷೆಯಲ್ಲಿ ಏಳು ಹಂತ, ಒಂದೊಂದೂ ನಾಲ್ಕು ನಿಮಿಷ, ನಡುವೆ ಒಂದು ನಿಮಿಷ ಬಿಡುವು. ಮೊದಲ ಆರು ಹಂತ ನಿಗದಿತ ಶಕ್ತಿಯಲ್ಲಿ, ಏಳನೆಯದು ಮೈಯಲ್ಲಿ ಉಳಿದಿದ್ದೆಲ್ಲವನ್ನೂ ಸುರಿಯುವುದು. ಈ ರೋಯರ್‌ಗೆ 150 ವ್ಯಾಟಿನಿಂದ ಶುರು ಮಾಡಿ 30 ವ್ಯಾಟಿನಂತೆ ಏರಿಸಿ 300ಕ್ಕೆ ನಿಲ್ಲಿಸುತ್ತೇವೆ. 500 ಮೀಟರಿನ ವೇಗದಲ್ಲಿ ಹೇಳುವುದಾದರೆ 2:12.6, 2:04.8, 1:58.6, 1:53.4, 1:49.0, 1:45.3. ಮಾನಿಟರಿನಲ್ಲಿ ವ್ಯಾಟನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ವೇಗ ನೋಡಿಕೊಂಡು ಎಳೆಯುವವರು ಮೊದಲ ಹಂತಗಳಲ್ಲಿ ಜಾಸ್ತಿ ಎಳೆದುಬಿಡುತ್ತಾರೆ.

ಸ್ಟ್ರೋಕ್ ರೇಟನ್ನೂ ಕಟ್ಟಿಹಾಕಬೇಕು. ಇದನ್ನು ಬಿಟ್ಟವರ ಪರೀಕ್ಷೆ ಎರಡನೇ ಸಲಕ್ಕೆ ಹೋಲಿಕೆಗೇ ಬರುವುದಿಲ್ಲ. 300 ವ್ಯಾಟನ್ನು ನಿಮಿಷಕ್ಕೆ 26 ಸ್ಟ್ರೋಕಿನಲ್ಲಿ ಎಳೆದರೆ ಒಂದೊಂದು ಸ್ಟ್ರೋಕಿಗೆ 692 ಜೂಲ್ ಬೀಳುತ್ತದೆ. ಅದೇ 300ನ್ನು 30 ಸ್ಟ್ರೋಕಿನಲ್ಲಿ ಎಳೆದರೆ 600 ಜೂಲ್ ಸಾಕು. ಪರದೆಯ ಮೇಲೆ ಎರಡೂ ಒಂದೇ, ಸ್ನಾಯುವಿನೊಳಗೆ ಬೇರೆ ಬೇರೆ. ಬೆನ್ನುಹುರಿ ಸ್ನಾಯುತಂತುಗಳನ್ನು ಕರೆಯುವುದಕ್ಕೆ ಒಂದು ಸರದಿ ಇದೆ: ಮೊದಲು ಚಿಕ್ಕ ನರಕೋಶಗಳು ನಡೆಸುವ ನಿಧಾನ ತಂತುಗಳು, ಬಲ ಸಾಲದಾದಾಗ ದೊಡ್ಡ ನರಕೋಶಗಳ ವೇಗದ ತಂತುಗಳು. ನರವಿಜ್ಞಾನಿ ಹೆನ್ನೆಮನ್ ಗುರುತಿಸಿದ ಈ ಸರದಿಯನ್ನು ತೀರ್ಮಾನಿಸುವುದು ಪ್ರತಿ ಎಳೆತಕ್ಕೆ ಬೇಕಾದ ಬಲ. ಕಡಿಮೆ ರೇಟಿನಲ್ಲಿ ಭಾರವಾಗಿ ಎಳೆದಷ್ಟೂ ವೇಗದ ತಂತುಗಳು ಬೇಗ ಎಚ್ಚರಗೊಳ್ಳುತ್ತವೆ, ಲ್ಯಾಕ್ಟೇಟ್ ಬೇಗ ಏರುತ್ತದೆ. ಹಾಗಾಗಿ 18, 19, 20, 22, 24, 26 ಎಂದು ರೇಟನ್ನು ಹಂತಕ್ಕೆ ಕಟ್ಟಿ, ಒಂದು ಸ್ಟ್ರೋಕಿನ ಹೆಚ್ಚುಕಡಿಮೆಗಷ್ಟೇ ಅವಕಾಶ ಕೊಡುತ್ತೇವೆ.

ರೋಯರ್ ಹಿಂದಿನ 24 ಗಂಟೆ ಕಠಿಣ ತಾಲೀಮು ಮಾಡಿರಬಾರದು, ಊಟ ಮೂರು ಗಂಟೆ ಮುಂಚೆ ಆಗಿರಬೇಕು, ಅದೂ ರೂಢಿಯ ಊಟವೇ. ತೂಕ ಇಳಿಸಲು ಅನ್ನ ಬಿಟ್ಟು ಬಂದವರ ಫಲಿತಾಂಶ ಹೇಗೆ ದಾರಿ ತಪ್ಪಿಸುತ್ತದೆ ಎಂಬುದು ಮುಂದೆ ಬರುತ್ತದೆ.

ಪಾದದ ಹಲಗೆಗೆ ಬರೋಣ. ಪಟ್ಟಿ ಪಾದದ ಅತಿ ಅಗಲವಾದ ಜಾಗದ ಮೇಲೆ, ಅಂದರೆ ಬೆರಳುಗಳ ಬುಡದ ಗೆಣ್ಣಿನ ಮೇಲೆ ಬರಬೇಕು. ಹಲಗೆ ತೀರ ಮೇಲಿದ್ದರೆ ಮಂಡಿ ಎದೆಗೆ ಬಂದು ಸೊಂಟ ಮುಂದಕ್ಕೆ ಬಾಗಲು ಜಾಗವೇ ಇರುವುದಿಲ್ಲ. ಆಗ ಬೆನ್ನು ಗೂನಾಗಿ ಆ ಅಳತೆಯನ್ನು ತುಂಬಿಕೊಡುತ್ತದೆ. ಸೊಂಟದ ಕೀಲು, ತೊಡೆಯ ಹಿಂಭಾಗ ಬಿಗಿ ಇರುವವರಿಗೆ ಹಲಗೆಯನ್ನು ಒಂದೋ ಎರಡೋ ತೂತು ಕೆಳಗಿಳಿಸಿದರೆ ತಕ್ಷಣ ವ್ಯತ್ಯಾಸ ಕಾಣುತ್ತದೆ. ಕ್ಯಾಚಿನಲ್ಲಿ, ಅಂದರೆ ಪೂರ್ತಿ ಮುಂದೆ ಬಂದು ಎಳೆತ ಶುರುವಾಗುವ ಕ್ಷಣದಲ್ಲಿ, ಮೊಣಕಾಲಿನ ಕೆಳಗಿನ ಮೂಳೆ ನೆಲಕ್ಕೆ ನೇರ ನಿಂತಿರಬೇಕು. ಅದನ್ನೂ ದಾಟಿ ಮುಂದೆ ಜಾರಿದರೆ ನಾಲ್ಕು ಸೆಂಟಿಮೀಟರ್ ಉದ್ದ ಸಿಕ್ಕಿದಂತೆ ಅನ್ನಿಸುತ್ತದೆ. ಆದರೆ ಅಷ್ಟು ಮಡಚಿದ ಮಂಡಿಯಿಂದ ಬಲ ಹುಟ್ಟಿಸಲು ತೊಡೆಗೆ ಅನುಕೂಲವಿಲ್ಲ, ಹಿಮ್ಮಡಿ ಹಲಗೆಯಿಂದ ಪೂರ್ತಿ ಎದ್ದಿರುತ್ತದೆ. ಆ ನಾಲ್ಕು ಸೆಂಟಿಮೀಟರ್ ಎಳೆತವಿಲ್ಲದೆ ಖಾಲಿ ಹೋಗುತ್ತದೆ.

ಕಣಕಾಲು, ಮಂಡಿಯ ಹೊರಬದಿ, ತೊಡೆಯೆಲುಬಿನ ಮೇಲ್ತುದಿಯ ಉಬ್ಬು, ಸೊಂಟದ ಮೂಳೆಯ ಅಂಚು, ಕತ್ತಿನ ಹಿಂದಿನ ಉಬ್ಬುಮೂಳೆ, ಹೀಗೆ ಐದು ಕಡೆ ಬಿಳಿ ಟೇಪಿನ ಚುಕ್ಕೆ ಅಂಟಿಸುತ್ತೇವೆ. ಕ್ಯಾಮೆರಾ ಸೀಟಿನ ಎತ್ತರದಲ್ಲಿ, ಹಳಿಗೆ ಲಂಬವಾಗಿ, ಮೂರು ನಾಲ್ಕು ಮೀಟರ್ ದೂರದಲ್ಲಿ. ಓರೆಯಾಗಿ ಇಟ್ಟರೆ ಕೋನಗಳೆಲ್ಲ ಸುಳ್ಳು ಹೇಳುತ್ತವೆ. ಒಂದು ತೊಂದರೆ ಯಾವಾಗಲೂ ಇದ್ದದ್ದೇ: ಮೂರನೇ ಹಂತದ ಹೊತ್ತಿಗೆ ಬೆವರಿಗೆ ಟೇಪು ಕಿತ್ತು ಬರುತ್ತದೆ. ಅಂಟಿಸುವ ಮುಂಚೆ ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿದರೆ ಕೊನೆಯವರೆಗೂ ನಿಲ್ಲುತ್ತದೆ.

ಮೊದಲ ಹಂತ ಶುರುವಾಗುವ ಮುಂಚೆ ಕಿವಿಹಾಲೆಯಿಂದ ಒಂದು ಹನಿ ರಕ್ತ. ವಿಶ್ರಾಂತಿಯಲ್ಲಿ ಲ್ಯಾಕ್ಟೇಟ್ ಲೀಟರಿಗೆ 1 ಮಿಲಿಮೋಲ್ ಆಸುಪಾಸು ಇರಬೇಕು. 2ಕ್ಕಿಂತ ಹೆಚ್ಚಿದ್ದರೆ ಮುಂದುವರಿಯುವುದಿಲ್ಲ. ಒಂದೋ ಮೆಟ್ಟಿಲು ಹತ್ತಿ ಓಡಿ ಬಂದಿರುತ್ತಾರೆ, ಇಲ್ಲವೇ ನಮ್ಮ ಕೈ ತಪ್ಪಿರುತ್ತದೆ.

ಈ ಕೈತಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಂತ ಮುಗಿದು ಬಿಡುವು ಸಿಗುವುದು ಅರವತ್ತು ಸೆಕೆಂಡ್. ಮೊದಲ ಮೂವತ್ತು ಸೆಕೆಂಡಿನೊಳಗೆ ಹನಿ ಲ್ಯಾಕ್ಟೇಟ್ ಮೀಟರಿನ ಪಟ್ಟಿಗೆ ಸೇರಬೇಕು. ರೋಯರ್ ಏದುಸಿರು ಬಿಡುತ್ತಿರುತ್ತಾರೆ, ತಲೆ ಅಲ್ಲಾಡುತ್ತಿರುತ್ತದೆ, ಕೂದಲಿನಿಂದ ಬೆವರು ಇಳಿದು ಕಿವಿಯ ಹಿಂದೆ ಹರಿಯುತ್ತಿರುತ್ತದೆ. ಬೆವರಿನಲ್ಲಿರುವ ಲ್ಯಾಕ್ಟೇಟ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೀಟರ್ ಕುಡಿಯುವುದು ಒಂದು ಮೈಕ್ರೋಲೀಟರಿಗೂ ಕಡಿಮೆ ರಕ್ತವನ್ನು. ಅದಕ್ಕೆ ಬೆವರಿನ ಸೋಂಕು ತಗುಲಿದರೂ 2.1 ಇರಬೇಕಾದ್ದು 4 ದಾಟಿ ತೋರಿಸುತ್ತದೆ. ಹಾಗಾಗಿ ಕ್ರಮ ಹೀಗೆ: ಹಾಲೆಯನ್ನು ಒದ್ದೆ ಹತ್ತಿಯಿಂದ ಒರೆಸು, ಒಣ ಹತ್ತಿಯಿಂದ ಒರೆಸು, ಮೊದಲ ಹನಿಯನ್ನು ಒರೆಸಿ ಎಸೆ, ಎರಡನೇ ಹನಿ ತಾನಾಗಿ ದುಂಡಗೆ ನಿಂತಾಗ ಪಟ್ಟಿಯ ತುದಿಯನ್ನು ಅದಕ್ಕೆ ತಾಗಿಸು, ಚರ್ಮಕ್ಕೆ ತಾಗಿಸಬೇಡ. ಹನಿ ಬರಲಿಲ್ಲವೆಂದು ಹಾಲೆಯನ್ನು ಹಿಂಡಿದರೆ ಜೀವಕೋಶಗಳ ನಡುವಿನ ನೀರು ಬೆರೆತು ಅಳತೆ ಕೆಡುತ್ತದೆ. ಮುಂಚೆಯೇ ಹಾಲೆಯನ್ನು ಉಜ್ಜಿ ಕೆಂಪಾಗಿಸಿಕೊಂಡಿದ್ದರೆ ಹಿಂಡುವ ಪ್ರಮೇಯವೇ ಬರುವುದಿಲ್ಲ. ಇಬ್ಬರು ಬೇಕು: ಒಬ್ಬರು ರಕ್ತಕ್ಕೆ, ಇನ್ನೊಬ್ಬರು ಹೃದಯ ಬಡಿತ, ಸರಾಸರಿ ವ್ಯಾಟ್, ರೇಟ್, 6ರಿಂದ 20ರ ಮಾಪಕದಲ್ಲಿ ರೋಯರ್ ಹೇಳುವ ಶ್ರಮ ಬರೆದುಕೊಳ್ಳುವುದಕ್ಕೆ.

ಮೊದಲ ಎರಡು ಹಂತದಲ್ಲಿ ರಕ್ತ ಏನನ್ನೂ ಹೇಳುವುದಿಲ್ಲ. ಆಗ ನೋಡಬೇಕಾದ್ದು ಮಾನಿಟರಿನ ಬಲದ ರೇಖೆ. ಒಂದೊಂದು ಸ್ಟ್ರೋಕಿಗೂ ಹಿಡಿಯ ಮೇಲಿನ ಬಲ ಹೇಗೆ ಏರಿ ಇಳಿಯಿತು ಎಂದು ಅದು ಬರೆದು ತೋರಿಸುತ್ತದೆ. ಚೆನ್ನಾಗಿ ಎಳೆಯುವವರದ್ದು ಒಂದೇ ಗುಡ್ಡ: ಬೇಗ ಏರಿ, ಎಳೆತದ ಮೊದಲ ಅರ್ಧದಲ್ಲೇ ತುದಿ ಮುಟ್ಟಿ, ತುಂಬಿಕೊಂಡು ಇಳಿಯುತ್ತದೆ. 210 ವ್ಯಾಟ್, ನಿಮಿಷಕ್ಕೆ 20 ಸ್ಟ್ರೋಕ್ ಎಂದರೆ ಒಂದು ಸ್ಟ್ರೋಕಿಗೆ 630 ಜೂಲ್. ಹಿಡಿ ಸುಮಾರು 1.4 ಮೀಟರ್ ಚಲಿಸುತ್ತದೆ ಎಂದುಕೊಂಡರೆ ಸರಾಸರಿ 450 ನ್ಯೂಟನ್, ಅಂದರೆ 46 ಕೆ.ಜಿ. ತೂಕವನ್ನು ಹಿಡಿದಂತೆ. ಗುಡ್ಡದ ತುದಿ ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ.

ಆ ಬಲ ಎಲ್ಲಿಂದ ಬರುತ್ತದೆ? ತುಂಗಭದ್ರೆಯ ಹರಿಗೋಲು ನೋಡಿ ಬೆಳೆದ ನಮಗೆ ಹುಟ್ಟು ಹಾಕುವುದೆಂದರೆ ತೋಳು ಮತ್ತು ಹೆಗಲು. ಅಲ್ಲಿ ಕಾಲು ಮಡಚಿಕೊಂಡೇ ಕೂತಿರುತ್ತಾರೆ. ರೇಸಿನ ದೋಣಿಗೆ 19ನೇ ಶತಮಾನದಲ್ಲಿ ಜಾರುವ ಸೀಟು ಬಂದ ಮೇಲೆ ಲೆಕ್ಕವೇ ಬದಲಾಯಿತು. ಶಕ್ತಿಯ ಅರ್ಧಕ್ಕೆ ಹತ್ತಿರದ ಪಾಲು ಕಾಲಿನದು, ಮೂರನೇ ಒಂದರ ಸುಮಾರು ನಡು ಮತ್ತು ಬೆನ್ನಿನದು, ಉಳಿದದ್ದಷ್ಟೇ ತೋಳಿನದು. ಕಾಲು ಹುಟ್ಟಿಸಿದ್ದನ್ನು ಹಿಡಿಗೆ ತಲುಪಿಸುವುದು ಬೆನ್ನಿನ ಮೊದಲ ಕೆಲಸ. ಕ್ಯಾಚಿನಲ್ಲಿ ತೋಳು ಹಗ್ಗದಂತೆ, ಬೆನ್ನು ಬಿಗಿದ ಕಂಬದಂತೆ ಇರಬೇಕು. ಕಂಬ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ವಿಡಿಯೋದಲ್ಲಿ ಒಂದೊಂದೇ ಚಿತ್ರವಾಗಿ ಸರಿಸಿ ನೋಡಬೇಕು: ಕಾಲು ಒದೆಯುತ್ತದೆ, ಸೀಟು ಹಿಂದಕ್ಕೆ ನಾಲ್ಕೈದು ಸೆಂಟಿಮೀಟರ್ ಸರಿದಿರುತ್ತದೆ, ಹಿಡಿ ಮಾತ್ರ ಇದ್ದಲ್ಲೇ ಇರುತ್ತದೆ. ಆ ಒದೆತ ಸೊಂಟದ ಗೂನಿನಲ್ಲಿ ಕರಗಿಹೋಯಿತು. ಬಲದ ರೇಖೆಯಲ್ಲಿ ಅದು ಒಂಟೆಯ ಬೆನ್ನಿನಂತೆ ಎರಡು ಗುಡ್ಡವಾಗಿ ಕಾಣುತ್ತದೆ. ಮೊದಲ ಚಿಕ್ಕ ಗುಡ್ಡ ಕಾಲಿನದು, ನಡುವೆ ತಗ್ಗು, ಆಮೇಲೆ ತಡವಾಗಿ ಎದ್ದ ಬೆನ್ನಿನ ಗುಡ್ಡ.

ತೊಡೆಯೊಳಗಿನ ಒಂದು ಸೋಜಿಗವನ್ನು ಇಲ್ಲೇ ಹೇಳಿಬಿಡಬೇಕು. ತೊಡೆಯ ಮುಂದಿನ ರೆಕ್ಟಸ್ ಫೆಮೊರಿಸ್ ಮಂಡಿಯನ್ನು ಚಾಚುತ್ತದೆ, ಜೊತೆಗೆ ಸೊಂಟದ ಕೀಲನ್ನು ಮಡಚುತ್ತದೆ. ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸೊಂಟವನ್ನು ಚಾಚುತ್ತದೆ, ಜೊತೆಗೆ ಮಂಡಿಯನ್ನು ಮಡಚುತ್ತದೆ. ಒಂದು ಕಟ್ಟಿದ್ದನ್ನು ಇನ್ನೊಂದು ಬಿಚ್ಚಬೇಕು. ಆದರೂ ಎಳೆತದಲ್ಲಿ ಎರಡೂ ಒಟ್ಟಿಗೆ ಬಿಗಿಯುತ್ತವೆ, ಸೊಂಟವೂ ಮಂಡಿಯೂ ಒಟ್ಟಿಗೇ ಚಾಚಿಕೊಳ್ಳುತ್ತವೆ. ಶರೀರವಿಜ್ಞಾನಿ ಲೊಂಬಾರ್ಡ್ 1903ರಲ್ಲಿ ಎತ್ತಿದ ಈ ಒಗಟಿಗೆ ಉತ್ತರ ಸನ್ನೆಕೋಲಿನ ಉದ್ದದಲ್ಲಿದೆ. ಹ್ಯಾಮ್‌ಸ್ಟ್ರಿಂಗ್‌ಗೆ ಸೊಂಟದಲ್ಲಿ ಸಿಗುವ ಸನ್ನೆ ಮಂಡಿಯಲ್ಲಿ ಸಿಗುವುದಕ್ಕಿಂತ ಉದ್ದ, ರೆಕ್ಟಸ್‌ಗೆ ಮಂಡಿಯಲ್ಲಿ ಉದ್ದ. ಹಾಗಾಗಿ ಜಗಳದಲ್ಲಿ ಎರಡು ಕಡೆಯೂ ಚಾಚುವ ಪಕ್ಷವೇ ಗೆಲ್ಲುತ್ತದೆ. ತೊಡೆಯ ಮುಂಭಾಗದ ಶಕ್ತಿಯನ್ನು ಸೊಂಟಕ್ಕೆ ಸಾಗಿಸುವ ಪಟ್ಟಿಯಂತೆ ಹ್ಯಾಮ್‌ಸ್ಟ್ರಿಂಗ್ ಕೆಲಸ ಮಾಡುತ್ತದೆ. ಬರೀ ಸ್ಕ್ವಾಟ್ ಮಾಡಿಸಿ ತೊಡೆಯ ಹಿಂಭಾಗವನ್ನು ಮರೆತ ತರಬೇತಿಯಲ್ಲಿ ಈ ಪಟ್ಟಿಯೇ ತೆಳ್ಳಗಿರುತ್ತದೆ.

ಮೂರನೇ ಹಂತದಿಂದ ರಕ್ತ ಮಾತಾಡಲು ಶುರು ಮಾಡುತ್ತದೆ. ಮಾದರಿಗೆ ಒಂದು ಸಾಲು: 150 ವ್ಯಾಟಿಗೆ 1.2, 180ಕ್ಕೆ 1.3, 210ಕ್ಕೆ 1.6, 240ಕ್ಕೆ 2.3, 270ಕ್ಕೆ 3.9, 300ಕ್ಕೆ 6.8. ಗ್ರಾಫ್ ಹಾಳೆಯಲ್ಲಿ ಇಟ್ಟರೆ 2 ಮಿಲಿಮೋಲಿನ ಗೆರೆ 227 ವ್ಯಾಟಿನಲ್ಲಿ, 4ರ ಗೆರೆ 271ರಲ್ಲಿ ಕತ್ತರಿಸುತ್ತದೆ. ಲ್ಯಾಕ್ಟೇಟನ್ನು ವಿಷವೆಂದು ತಿಳಿಯುವುದು ಹಳೆಯ ತಪ್ಪು. ನಿಧಾನ ತಂತುಗಳಿಗೂ ಹೃದಯಕ್ಕೂ ಅದು ಉರಿಸಲು ಸಿಗುವ ಸೌದೆ. ಅದು ರಕ್ತದಲ್ಲಿ ಏರಿತೆಂದರೆ ವೇಗದ ತಂತುಗಳು ಉತ್ಪಾದಿಸುತ್ತಿರುವುದು ಉಳಿದವು ಉರಿಸುವುದಕ್ಕಿಂತ ಜಾಸ್ತಿಯಾಯಿತು ಎಂದರ್ಥ. ಮರುದಿನದ ಮೈಕೈ ನೋವಿಗೂ ಅದಕ್ಕೂ ಸಂಬಂಧವಿಲ್ಲ, ಗಂಟೆಯೊಂದರಲ್ಲಿ ಅದು ರಕ್ತದಿಂದ ಇಳಿದುಹೋಗಿರುತ್ತದೆ.

ಒಳ್ಳೆಯ ರೋಯರ್‌ನ ತೊಡೆಯ ಹೊರಬದಿಯ ಸ್ನಾಯುವಿನಲ್ಲಿ ನೂರಕ್ಕೆ ಎಪ್ಪತ್ತರ ಸುಮಾರು ನಿಧಾನ ತಂತುಗಳಿರುತ್ತವೆ. ಇಷ್ಟು ಬಲ ಬೇಡುವ ಆಟಕ್ಕೆ ನಿಧಾನ ತಂತು ಯಾಕೆ ಎಂದು ಅನ್ನಿಸುವುದು ಸಹಜ. ರೇಸಿನ ವೇಗದಲ್ಲೂ ಒಂದು ಎಳೆತಕ್ಕೆ ಸುಮಾರು 0.8 ಸೆಕೆಂಡ್ ಸಿಗುತ್ತದೆ. ಓಟಗಾರನ ಪಾದ ನೆಲ ಮುಟ್ಟಿರುವ ಹೊತ್ತಿಗೆ ಹೋಲಿಸಿದರೆ ಇದು ದೀರ್ಘ ಕಾಲ. ಅಷ್ಟರಲ್ಲಿ ನಿಧಾನ ತಂತು ತನ್ನ ಪೂರ್ತಿ ಬಲ ಹಾಕಬಲ್ಲದು, ಮತ್ತು ಇನ್ನೂರಕ್ಕೂ ಹೆಚ್ಚು ಸಲ ಅದನ್ನೇ ಮಾಡಬಲ್ಲದು. 2000 ಮೀಟರಿನ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆಮ್ಲಜನಕದಿಂದ ಬರುವುದು. ವಿಶ್ವಮಟ್ಟದ ಭಾರ ತೂಕದ ಪುರುಷರು ನಿಮಿಷಕ್ಕೆ 6 ಲೀಟರಿಗೂ ಮೇಲೆ ಆಮ್ಲಜನಕ ಬಳಸುತ್ತಾರೆ.

ರಿಕವರಿ ಎಂಬ ಹೆಸರು ಸ್ನಾಯುವಿನ ಮಟ್ಟದಲ್ಲೂ ನಿಜ. ಎಳೆತದ ಹೊತ್ತಿಗೆ ಬಿಗಿದ ತೊಡೆಯೊಳಗೆ ಒತ್ತಡ ಏರಿ ಸಣ್ಣ ರಕ್ತನಾಳಗಳು ಹಿಸುಕಿಕೊಳ್ಳುತ್ತವೆ, ರಕ್ತದ ಹರಿವು ಕುಗ್ಗುತ್ತದೆ. ಸೀಟು ಮುಂದಕ್ಕೆ ಬರುವಾಗ ಮತ್ತೆ ರಕ್ತ ನುಗ್ಗುತ್ತದೆ. ನಿಮಿಷಕ್ಕೆ 20 ಸ್ಟ್ರೋಕಿನಲ್ಲಿ ಮೂರು ಸೆಕೆಂಡಿನ ಸುತ್ತಿನಲ್ಲಿ ಎಳೆತ ಒಂದು ಪಾಲು, ರಿಕವರಿ ಎರಡು ಪಾಲು. 34ಕ್ಕೆ ಏರಿದಾಗ ಸುತ್ತು 1.76 ಸೆಕೆಂಡಿಗೆ ಇಳಿಯುತ್ತದೆ. ಕಡಿತವೆಲ್ಲ ಹೆಚ್ಚಾಗಿ ರಿಕವರಿಯಿಂದಲೇ. ಅವಸರದಲ್ಲಿ ಸೀಟನ್ನು ಎಳೆದುಕೊಂಡು ಮುಂದೆ ಬರುವವರು ಎರಡು ಕಡೆ ಕಳೆದುಕೊಳ್ಳುತ್ತಾರೆ. ಸೊಂಟದ ಮುಂಭಾಗದ ಸ್ನಾಯುಗಳು ಸುಮ್ಮನೆ ದುಡಿಯುತ್ತವೆ, ತೊಡೆಗೆ ರಕ್ತ ತುಂಬಲು ಸಮಯ ಸಿಗುವುದಿಲ್ಲ. ನೀರಿನ ಮೇಲೆ ಮೂರನೆಯ ನಷ್ಟವೂ ಇದೆ: ದೋಣಿಯ ವೇಗ ಅತಿ ಹೆಚ್ಚಿರುವುದೇ ರಿಕವರಿಯಲ್ಲಿ. ಧಾವಿಸಿ ಬಂದ ಮೈಭಾರ ಕ್ಯಾಚಿನಲ್ಲಿ ಪಾದದ ಹಲಗೆಗೆ ಅಪ್ಪಳಿಸಿ ಆ ವೇಗವನ್ನು ನುಂಗಿಬಿಡುತ್ತದೆ.

ನಾಲ್ಕು, ಐದನೇ ಹಂತ ಈ ಪರೀಕ್ಷೆಯ ತಿರುಳು. ಇಲ್ಲಿ ರಕ್ತದ ಹಾಳೆಯನ್ನೂ ವಿಡಿಯೋವನ್ನೂ ಅಕ್ಕಪಕ್ಕ ಇಟ್ಟು ನೋಡದಿದ್ದರೆ ಪರೀಕ್ಷೆ ಅರ್ಧ ಮಾತ್ರ ಆದಂತೆ. ಲ್ಯಾಕ್ಟೇಟ್ 2 ದಾಟಿ 4ರತ್ತ ಹೋಗುವಾಗ ಮೈಯಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದು ಕ್ಯಾಚಿನಲ್ಲಿ. ಸೊಂಟದ ಮೂಳೆಯ ಚುಕ್ಕೆ ನೋಡುತ್ತಿರಿ. ಮೊದಲ ಹಂತದಲ್ಲಿ ಸೊಂಟ ಮುಂದಕ್ಕೆ ವಾಲಿರುತ್ತದೆ, ಬೆನ್ನಿನ ಕೆಳಭಾಗ ಹೆಚ್ಚುಕಡಿಮೆ ನೇರ. ಐದನೇ ಹಂತದ ಮೂರನೇ ನಿಮಿಷಕ್ಕೆ ಸೊಂಟ ಹಿಂದಕ್ಕೆ ಉರುಳಿರುತ್ತದೆ, ಅದೇ ಉದ್ದವನ್ನು ಈಗ ನಡುವಿನ ಗೂನು ಕೊಡುತ್ತಿದೆ. ಮಾನಿಟರ್ ಮಾತ್ರ 270 ವ್ಯಾಟನ್ನೇ ತೋರಿಸುತ್ತಿರುತ್ತದೆ. ಕಾಲು ಬಿಟ್ಟದ್ದನ್ನು ಬೆನ್ನು ಎತ್ತಿಕೊಂಡಿದೆ. ಪೂರ್ತಿ ಗೂನಾದ ಬೆನ್ನಿನಲ್ಲಿ ಬೆನ್ನೆತ್ತುವ ಸ್ನಾಯುಗಳ ಬಿಗಿ ಇಳಿದುಬಿಡುತ್ತದೆ, ಭಾರವನ್ನು ಅಸ್ಥಿರಜ್ಜುಗಳೂ ಡಿಸ್ಕುಗಳೂ ಹೊರುತ್ತವೆ. ರೋಯರ್‌ಗಳಲ್ಲಿ ಅತಿ ಸಾಮಾನ್ಯವಾದ ಪೆಟ್ಟು ಸೊಂಟದ್ದೇ. ಅರ್ಗೋಮೀಟರಿನಲ್ಲಿ ಒಂದೇ ಬಾರಿಗೆ ಅರ್ಧ ಗಂಟೆಗಿಂತ ಹೆಚ್ಚು ಎಳೆಯುವುದಕ್ಕೂ ಸೊಂಟನೋವಿಗೂ ನಂಟಿದೆ. ನೆಲಕ್ಕೆ ಕಚ್ಚಿ ನಿಂತ ಯಂತ್ರದಲ್ಲಿ ಪ್ರತಿ ಕ್ಯಾಚಿನಲ್ಲೂ ಇಡೀ ಮೈಭಾರವನ್ನು ತಿರುಗಿಸಬೇಕು. ನೀರಿನಲ್ಲಾದರೆ ಹಗುರವಾದ ದೋಣಿ ತಾನೇ ರೋಯರ್‌ನ ಕಡೆಗೆ ಜಾರಿ ಬರುತ್ತದೆ. ಆದ್ದರಿಂದ ಉದ್ದದ ತಾಲೀಮನ್ನು ಇಪ್ಪತ್ತು ನಿಮಿಷದ ತುಂಡುಗಳಾಗಿ ಒಡೆದು, ನಡುವೆ ಎದ್ದು ನಿಂತು ಸೊಂಟ ಹಿಂದಕ್ಕೆ ಬಾಗಿಸಿ, ನೀರು ಕುಡಿದು ಮತ್ತೆ ಕೂರುವುದು ಒಳ್ಳೆಯದು.

ಇದೇ ಹಂತದಲ್ಲಿ ಉಸಿರನ್ನೂ ಗಮನಿಸಿ. ಕಡಿಮೆ ರೇಟಿನಲ್ಲಿ ಸ್ಟ್ರೋಕಿಗೆ ಒಂದು ಉಸಿರು, ಎಳೆಯುವಾಗ ಬಿಡುವುದು. ಭಾರ ಹೆಚ್ಚಿದಂತೆ ಸ್ಟ್ರೋಕಿಗೆ ಎರಡು ಉಸಿರಾಗುತ್ತದೆ. ಕ್ಯಾಚಿನಲ್ಲಿ ತೊಡೆ ಹೊಟ್ಟೆಯನ್ನು ಒತ್ತಿ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಇಳಿಯಲು ಜಾಗ ಇರುವುದಿಲ್ಲ, ಉದ್ದನೆಯ ಉಸಿರು ಅಲ್ಲಿ ಸಾಧ್ಯವಿಲ್ಲ. ಹಾಗಾಗಿ ಎರಡನೇ ಉಸಿರನ್ನು ಎಳೆತ ಮುಗಿದ ಕೂಡಲೇ, ಮೈ ಹಿಂದೆ ಒರಗಿರುವಾಗಲೇ ಎಳೆದುಕೊಳ್ಳುವುದನ್ನು ಕಲಿಸಬೇಕು.

ಏಳನೇ ಹಂತಕ್ಕೆ ರೇಟಿನ ಕಟ್ಟು ಇಲ್ಲ. ಮೊದಲ ಹತ್ತು ಸ್ಟ್ರೋಕಿನಲ್ಲಿ 450 ವ್ಯಾಟ್ ತೋರಿಸಿ ಎರಡನೇ ನಿಮಿಷಕ್ಕೆ ಕುಸಿಯುವುದು ಎಲ್ಲರೂ ಮಾಡುವ ಎಡವಟ್ಟು. ಕುಸಿದವರ ಸರಾಸರಿ ಸಮನಾಗಿ ಎಳೆದವರಿಗಿಂತ ಕಡಿಮೆಯೇ ಬರುತ್ತದೆ, ಆಮ್ಲಜನಕದ ಗರಿಷ್ಠ ಅಳತೆಯೂ ನೆಟ್ಟಗೆ ಸಿಗುವುದಿಲ್ಲ. ಮುಗಿದ ಮೇಲೆ ಒಂದೇ ಹನಿ ಸಾಲದು. ಸ್ನಾಯುವಿನಿಂದ ಲ್ಯಾಕ್ಟೇಟ್ ರಕ್ತಕ್ಕೆ ಬಂದು ಸೇರಲು ಹೊತ್ತು ಹಿಡಿಯುತ್ತದೆ. ಮೂರು, ಐದು, ಏಳನೇ ನಿಮಿಷಕ್ಕೆ ತೆಗೆದು, ಹೆಚ್ಚಿನದನ್ನು ಬರೆದುಕೊಳ್ಳುತ್ತೇವೆ. ನಿಜವಾದ ರೇಸಿನ ನಂತರ ಇದು 15ನ್ನೂ ದಾಟುತ್ತದೆ. ಆಮೇಲೆ ಸುಮ್ಮನೆ ಮಲಗಲು ಬಿಡದೆ ಹದಿನೈದು ಇಪ್ಪತ್ತು ನಿಮಿಷ ಹಗುರವಾಗಿ ಎಳೆಸಿದರೆ ಬೇಗ ಇಳಿಯುತ್ತದೆ.

ಈಗ ಅನ್ನ ಬಿಟ್ಟು ಬಂದವರ ವಿಷಯ. ಸ್ನಾಯುವಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಖಾಲಿಯಾಗಿದ್ದರೆ ಲ್ಯಾಕ್ಟೇಟ್ ಹುಟ್ಟಿಸಲು ಸರಕೇ ಇಲ್ಲ. ಎಲ್ಲ ಹಂತದಲ್ಲೂ ಸಂಖ್ಯೆ ಇಳಿದು, ಗೆರೆ ಬಲಕ್ಕೆ ಸರಿದು, ಎರಡು ತಿಂಗಳಲ್ಲಿ ಭಾರೀ ಸುಧಾರಣೆ ಆದಂತೆ ಕಾಣುತ್ತದೆ. ಕೋಚ್ ಖುಷಿಯಲ್ಲಿ ಭಾರ ಏರಿಸಿದರೆ ರೋಯರ್ ಮುರಿದುಬೀಳುತ್ತಾರೆ. ಕಂಡುಹಿಡಿಯುವುದು ಹೀಗೆ: ಏಳನೇ ಹಂತದ ಲ್ಯಾಕ್ಟೇಟೂ ಕಡಿಮೆ, ವ್ಯಾಟೂ ಕಡಿಮೆ, ಆದರೆ ಶ್ರಮದ ಅಂಕಿ ಮಾತ್ರ ಹೆಚ್ಚು. ಈ ಮೂರೂ ಒಟ್ಟಿಗೆ ಬಂದರೆ ಹಾಳೆಯನ್ನು ಬದಿಗಿಟ್ಟು, ಎರಡು ದಿನ ಚೆನ್ನಾಗಿ ಉಣ್ಣಿಸಿ, ಮತ್ತೆ ಪರೀಕ್ಷೆ ಮಾಡಬೇಕು. ಹಗುರ ತೂಕದವರಲ್ಲಿ ಇದು ಹೆಚ್ಚು. ಆ ವರ್ಗದಲ್ಲಿ ಪುರುಷರ ಮಿತಿ 72.5 ಕೆ.ಜಿ., ಮಹಿಳೆಯರದು 59. ಪ್ಯಾರಿಸ್ 2024ರ ನಂತರ ಒಲಿಂಪಿಕ್ಸ್‌ನಿಂದ ಅದು ಹೊರಬಿದ್ದಿದೆ, ಆದರೆ ತೂಕ ಇಳಿಸುವ ಚಟ ಅಷ್ಟು ಬೇಗ ಹೋಗುವುದಿಲ್ಲ. ಅರೆಹೊಟ್ಟೆಯ ದೇಹದಲ್ಲಿ ಮೂಳೆ ಸೊರಗುತ್ತದೆ. ಅದು ಮೊದಲು ಗೊತ್ತಾಗುವ ಜಾಗಗಳಲ್ಲಿ ಪಕ್ಕೆಲುಬೂ ಒಂದು, ಐದರಿಂದ ಎಂಟನೆಯವರೆಗಿನವು. ಕೆಮ್ಮಿದರೆ, ಮಲಗಿ ಹೊರಳಿದರೆ ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ ಅಂದೇ ಎಳೆಯುವುದು ನಿಲ್ಲಿಸಬೇಕು. ಬಿರುಕು ಕೂಡಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಸೈಕಲ್ ತುಳಿದು ಉಸಿರು ಉಳಿಸಿಕೊಳ್ಳಬಹುದು.

ಯಂತ್ರದ ಸಂಖ್ಯೆಯನ್ನು ದೋಣಿಗೆ ನೇರವಾಗಿ ಒಯ್ಯಲು ಬಾರದು. ಅರ್ಗೋಮೀಟರ್ ಮೈಭಾರವನ್ನು ಹೊರುವುದಿಲ್ಲ, ದೋಣಿ ಹೊರುತ್ತದೆ. ತೂಕವನ್ನು ಪೌಂಡಿನಲ್ಲಿ 270ರಿಂದ ಭಾಗಿಸಿ 0.222 ಘಾತಕ್ಕೇರಿಸಿ ಸಮಯಕ್ಕೆ ಗುಣಿಸುವ ಕಾನ್ಸೆಪ್ಟ್ 2 ಸೂತ್ರದ ಪ್ರಕಾರ 72 ಕೆ.ಜಿ.ಯವರ 6:40 ಮತ್ತು 90 ಕೆ.ಜಿ.ಯವರ 6:20 ಎರಡೂ 5:55ರ ಸುಮಾರಿಗೆ ಬಂದು ಕೂರುತ್ತವೆ. ಆಯ್ಕೆಯ ಸಮಯದಲ್ಲಿ ಬರೀ 2000 ಮೀಟರಿನ ಸಮಯ ನೋಡಿ ಹುಡುಗರನ್ನು ಮನೆಗೆ ಕಳಿಸುವುದು ಅನ್ಯಾಯ.

ಕೊನೆಗೆ ಹಾಳೆಯಿಂದ ತಾಲೀಮಿಗೆ ಹೋಗುವುದು ಎರಡೇ ಗೆರೆ. ಉದ್ದದ ಎಳೆತಗಳೆಲ್ಲ 2 ಮಿಲಿಮೋಲಿನ ಕೆಳಗೆ, ಈ ರೋಯರ್‌ಗೆ 227 ವ್ಯಾಟಿನ ಒಳಗೆ, ಅಂದರೆ 500 ಮೀಟರಿಗೆ 1:56ಕ್ಕಿಂತ ನಿಧಾನ. ಒಟ್ಟು ತಾಲೀಮಿನ ಬಹುಪಾಲು ಇಲ್ಲೇ ಕಳೆಯಬೇಕು. ನಾರ್ವೆಯ ಅಂತರರಾಷ್ಟ್ರೀಯ ರೋಯರ್‌ಗಳು 1970ರ ದಶಕದಲ್ಲಿ ತಿಂಗಳಿಗೆ 30 ಗಂಟೆ ಹಗುರ ತಾಲೀಮು ಮಾಡುತ್ತಿದ್ದವರು 1990ರ ದಶಕದ ಹೊತ್ತಿಗೆ 50 ಗಂಟೆಗೆ ಏರಿಸಿದರು, ರೇಸಿನ ವೇಗದ ತಾಲೀಮನ್ನು ತಿಂಗಳಿಗೆ 23 ಗಂಟೆಯಿಂದ 7ಕ್ಕೆ ಇಳಿಸಿದರು. ಅದೇ ಅವಧಿಯಲ್ಲಿ ಅವರ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ ನೂರಕ್ಕೆ 12ರಷ್ಟು ಏರಿತು. ಎಳೆತದಲ್ಲಿ ಸ್ನಾಯು ಹೆಚ್ಚಾಗಿ ಕುಗ್ಗುತ್ತಲೇ ದುಡಿಯುತ್ತದೆ, ಓಟದಂತೆ ಪ್ರತಿ ಹೆಜ್ಜೆಗೂ ಹಿಗ್ಗುತ್ತಾ ಪೆಟ್ಟು ತಿನ್ನುವುದಿಲ್ಲ. ಇಷ್ಟು ಗಂಟೆ ತಡೆದುಕೊಳ್ಳಲು ಸಾಧ್ಯವಾಗುವುದು ಅದರಿಂದ. ಎರಡನೇ ಗೆರೆಯನ್ನು ನಾವು ವಿಡಿಯೋದಿಂದ ಎಳೆಯುತ್ತೇವೆ: ಸೊಂಟ ಹಿಂದಕ್ಕೆ ಉರುಳಿದ ವ್ಯಾಟ್ ಯಾವುದು? ಅದು 4ರ ಗೆರೆಗಿಂತ ಕೆಳಗಿದ್ದರೆ, ಉದಾಹರಣೆಗೆ 240ರಲ್ಲೇ ಬಂದಿದ್ದರೆ, ಮುಂದಿನ ಎಂಟು ವಾರ ಬಿರುಸಿನ ಎಳೆತಗಳೂ 240ನ್ನು ದಾಟಬಾರದು. ಆ ಹೊತ್ತಿನಲ್ಲಿ ಮಂಡಿ ಮಡಚದೆ ಸೊಂಟದಿಂದ ಬಾಗಿ ಏಳುವ ವ್ಯಾಯಾಮ, ಕೈ ಚಾಚಿ ಮೈಯನ್ನಷ್ಟೇ ಆಡಿಸುವ ಎಳೆತ, ಕಾಲಿನಿಂದ ಮಾತ್ರ ಒದ್ದು ಬೆನ್ನನ್ನು ಮುಂದೆಯೇ ಇಡುವ ಎಳೆತ, ಇವನ್ನು ದಿನಕ್ಕೆ ಹತ್ತು ಹತ್ತು ನಿಮಿಷ.

ಮೀಟರಿನ ಪಟ್ಟಿಗಳನ್ನೂ ಸೂಜಿಗಳನ್ನೂ ಮುಚ್ಚಳದ ಡಬ್ಬಿಗೆ ಹಾಕಿ, ಹಿಡಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಹಾಳೆಯ ತಲೆಯಲ್ಲಿ ನಾಲ್ಕು ಸಂಗತಿ ಬರೆಯುತ್ತೇವೆ: ಡ್ರ್ಯಾಗ್ ಫ್ಯಾಕ್ಟರ್, ಪಾದದ ಹಲಗೆಯ ತೂತಿನ ಸಂಖ್ಯೆ, ಕೋಣೆಯ ಉಷ್ಣತೆ, ಹಿಂದಿನ ರಾತ್ರಿ ಏನು ಉಂಡಿದ್ದರು ಎಂಬುದು. ಎಂಟು ವಾರದ ನಂತರ ಇದೇ ನಾಲ್ಕನ್ನು ನೋಡಿಕೊಂಡು ಮತ್ತೆ 150 ವ್ಯಾಟಿನಿಂದ ಶುರು.